ಚೆಂಡು ಮುಟ್ಟದವನಿಗೆ ಸಾವಿರಕ್ಕೆ ಸಾವಿರ

ಬೇಸ್‌ಬಾಲ್‌ನಲ್ಲಿ ರಿಲೀಫ್ ಪಿಚರ್ ಅಂತ ಒಬ್ಬ ಇರುತ್ತಾನೆ. ಪಿಚರ್ ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ. ಆಟದ ಮುಕ್ಕಾಲು ಪಾಲು ಬುಲ್‌ಪೆನ್ ಅನ್ನೋ ಕಾಯುವ ಜಾಗದಲ್ಲಿ ಕೂತಿದ್ದು, ಕೊನೆಗೆ ಬಂದು ಒಂದು ಇನ್ನಿಂಗ್ಸ್, ಅಂದರೆ ಮೂರು ಔಟು ಆಗುವವರೆಗೆ, ಚೆಂಡೆಸೆದು ಹೋಗುವವನು. ಈ ಮಹಾನುಭಾವ ಜೀವಮಾನವಿಡೀ ಎಂಥ ಫೀಲ್ಡಿಂಗ್ ಮಾಡಿದ ಅಂತ ಅಮೆರಿಕದವರು ಮೂರು ದಶಮಾಂಶದವರೆಗೆ ಲೆಕ್ಕ ಇಟ್ಟಿದ್ದಾರೆ. ಸಾಲದ್ದಕ್ಕೆ ಪಕ್ಕದಲ್ಲೇ ಲೀಗಿನ ಉಳಿದ ಪಿಚರ್‌ಗಳ ಸರಾಸರಿ ಬೇರೆ. ಓರಗೆಯವರಿಗಿಂತ ಇವನು ಎಷ್ಟು ಕೂದಲೆಳೆ ಮೇಲು ಅಂತ ಗೊತ್ತಾಗಬೇಕಲ್ಲ!

ಲೆಕ್ಕ ಸುಲಭ. ತಾನೇ ಮಾಡಿದ ಔಟು, ಚೆಂಡೆಸೆದು ಬೇರೆಯವರಿಂದ ಮಾಡಿಸಿದ ಔಟು, ಎರಡನ್ನೂ ಕೂಡಿಸಿ. ಅದನ್ನು, ಅದಕ್ಕೇ ಎರರ್‌ಗಳನ್ನು (ಆಗಬೇಕಿದ್ದ ಔಟು ಕೆಡಿಸಿದಂಥ ತಪ್ಪುಗಳನ್ನು) ಸೇರಿಸಿದ ಮೊತ್ತದಿಂದ ಭಾಗಿಸಿ. ಎರರ್ ಇಲ್ಲವೇ ಇಲ್ಲ ಅಂದರೆ 1.000.

ಈಗ ಒಬ್ಬ ಪಿಚರ್ ಹತ್ತು ಚೆಂಡಿನ ಹಿಂದೆ ಬಿದ್ದು, ಒಂದನ್ನು ತಪ್ಪಾಗಿ ಎಸೆದ ಅನ್ನಿ. ಅವನಿಗೆ .900. ಇನ್ನೊಬ್ಬ ಕಾಲಬುಡಕ್ಕೆ ಬಂದ ಎರಡನ್ನು ಮಾತ್ರ ಎತ್ತಿಕೊಂಡ, ಮಿಕ್ಕವು ಪಕ್ಕದಲ್ಲಿ ಹಾದುಹೋಗುವುದನ್ನು ನೋಡುತ್ತ ನಿಂತ. ಅವನಿಗೆ 1.000. ಬ್ಯಾಟರ್ ಓಡಿ ಮುಟ್ಟುವ ಮೊದಲ ನೆಲೆಯಾದ ಫಸ್ಟ್ ಬೇಸ್‌ಗೆ ಅವನಿಗಿಂತ ಮುಂಚೆ ಓಡಬೇಕಾದಾಗ ನಿಧಾನಕ್ಕೆ ಹೊರಟು ತಡವಾಗಿ ಮುಟ್ಟಿದರೂ ಎರರ್ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೈ ತೊಳೆದುಕೊಂಡು ನಿಂತವನಿಗೇ ಮೊಸರು. ಸ್ಕೂಟರ್ ಶೆಡ್ಡಿನಿಂದ ಹೊರಗೇ ತೆಗೆಯದವನಿಗೆ ಅಪಘಾತವಿಲ್ಲದ ಸವಾರ ಅಂತ ಶಾಲು ಹೊದಿಸಿದ ಹಾಗೆ.

ಇನ್ನೂ ಒಂದು ತಮಾಷೆ ಇದೆ. ಪಿಚರ್ ಸ್ಟ್ರೈಕ್‌ಔಟ್ ಮಾಡಿದರೆ, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡಿದರೆ, ಫೀಲ್ಡಿಂಗ್ ಖಾತೆಯಲ್ಲಿ ಆ ಔಟು ಸೇರುವುದು ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ಗೆ. ಎಸೆದವನಿಗೆ ಸೊನ್ನೆ. 2012ರಲ್ಲಿ ಅಟ್ಲಾಂಟಾದ ಕ್ರೇಗ್ ಕಿಂಬ್ರೆಲ್ ಎದುರಿಗೆ ಬಂದ 231 ಬ್ಯಾಟರ್‌ಗಳಲ್ಲಿ 116 ಜನರನ್ನು ಹೀಗೇ ಮನೆಗೆ ಕಳಿಸಿದ. ಅರ್ಧಕ್ಕೂ ಜಾಸ್ತಿ! ಫೀಲ್ಡಿಂಗ್ ಪಟ್ಟಿಯ ಕಣ್ಣಿಗೆ ಅಷ್ಟೂ ಹೊತ್ತು ಆತ ಚೆಂಡೆಸೆಯುವ ದಿಬ್ಬದ ಮೇಲೆ ಸುಮ್ನೆ ನಿಂತಿದ್ದ.

ಆಟದ ಅಂಕಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಕ್ರಿಕೆಟ್ ವರದಿಗಾರರಾಗಿದ್ದವರು. ಆದರೆ ಎರರ್ ಕಾಲಂ ಕ್ರಿಕೆಟ್‌ಗೆ ಬರಲೇ ಇಲ್ಲ. ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದರು ಅಂತ ಸ್ಕೋರ್‌ಕಾರ್ಡ್ ಹೇಳುತ್ತದೆ, ಬಿಟ್ಟದ್ದೆಷ್ಟು ಅಂತ ಬಾಯಿ ಬಿಡುವುದಿಲ್ಲ. ಮರ್ಯಾದಸ್ಥರ ಆಟ, ಅಲ್ವಾ?

ಪಟ್ಟಿಯ ನಿಜವಾದ ಜಾಣತನ ನೋಡಬೇಕಾದರೆ ಮರಿಯಾನೊ ರಿವೇರಾ ಹತ್ತಿರ ಹೋಗಬೇಕು. ಯಾಂಕೀಸ್ ತಂಡದ ಈ ರಿಲೀಫ್ ಪಿಚರ್ 652 ಸೇವ್ ಮಾಡಿದವರು, ಅಂದರೆ ಅಷ್ಟು ಸಲ ಕೊನೆಗೆ ಬಂದು ತಂಡದ ಮುನ್ನಡೆ ಉಳಿಸಿಕೊಟ್ಟವರು. 2019ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಮತ ಹಾಕಿದ 425 ಜನರೂ ಅವರಿಗೇ ಹಾಕಿದರು. ಅವರ ಫೀಲ್ಡಿಂಗ್‌ನಲ್ಲಿ ಜನ ಮರೆಯದ ಗಳಿಗೆ ಒಂದೇ. 2001ರ ನವೆಂಬರ್ 4, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಒಂಬತ್ತನೇ ಇನ್ನಿಂಗ್ಸ್. ಅರಿಜೋನಾದ ಡೇಮಿಯನ್ ಮಿಲ್ಲರ್ ಮೆಲ್ಲಗೆ ತಟ್ಟಿದ ಬಂಟ್ ಎತ್ತಿಕೊಂಡು ರಿವೇರಾ ಸೆಕೆಂಡ್ ಬೇಸ್‌ಗೆ ಎಸೆದರು. ಚೆಂಡು ನೇರ ಸೆಂಟರ್ ಫೀಲ್ಡಿಗೆ ಹೋಯಿತು. ಮುಂದಿನ ಬಂಟ್ ಅನ್ನು ಅವರೇ ಎತ್ತಿ ಥರ್ಡ್ ಬೇಸ್‌ಗೆ ಸೊಗಸಾಗಿ ಎಸೆದು ಒಂದು ಔಟು ಪಡೆದರು. ಆದರೂ ಸರಣಿ ಕೈತಪ್ಪಿತು. ಇಡೀ ಅಮೆರಿಕ ಕಂಡ ಈ ಎರರ್ ಅವರ ವೃತ್ತಿಜೀವನದ ಫೀಲ್ಡಿಂಗ್ ಪಟ್ಟಿಯಲ್ಲಿ ಇಲ್ಲ! ಪಟ್ಟಿಯಲ್ಲಿರುವುದು ಮಾಮೂಲು ಸೀಸನ್ನಿನ ಲೆಕ್ಕ ಮಾತ್ರ. ವರ್ಲ್ಡ್ ಸೀರೀಸ್ ಲೆಕ್ಕ ಬೇರೆ ಕಡೆ. ಜೂನ್ ತಿಂಗಳ ಯಾವುದೋ ಮಂಗಳವಾರ ಚೆಂಡು ಜಾರಿದ್ದರೆ ಮಾತ್ರ ಅದು ಶಾಶ್ವತ.

ಪ್ರಶಸ್ತಿಯ ಕಥೆಯೂ ಇಷ್ಟೇ. ಪಿಚರ್‌ಗೆ ಗೋಲ್ಡ್ ಗ್ಲವ್, ಅಂದರೆ ಒಳ್ಳೆಯ ಫೀಲ್ಡರ್‌ಗೆ ಕೊಡುವ ಪ್ರಶಸ್ತಿ, ಬೇಕೆಂದರೆ ಸಾಮಾನ್ಯವಾಗಿ 138 ಇನ್ನಿಂಗ್ಸ್ ಎಸೆದಿರಬೇಕು. ರಿಲೀಫ್‌ನವನು ವರ್ಷಕ್ಕೆ ಎಸೆಯುವುದೇ ಅರವತ್ತು ಎಪ್ಪತ್ತು. ಹಾಗಂತ ಎಲ್ಲರಿಗೂ ಇಷ್ಟು ಕಟ್ಟುನಿಟ್ಟಿತ್ತು ಅಂದುಕೊಳ್ಳಬೇಡಿ. 1999ರಲ್ಲಿ ರಫೇಲ್ ಪಾಲ್ಮೇರೊ ಫಸ್ಟ್ ಬೇಸ್‌ನಲ್ಲಿ ನಿಂತದ್ದು ಬರೀ 28 ಪಂದ್ಯ. ಉಳಿದದ್ದು ಹೆಚ್ಚುಕಮ್ಮಿ ಬರೀ ಬ್ಯಾಟಿಂಗ್. ಮ್ಯಾನೇಜರ್‌ಗಳೂ ಕೋಚ್‌ಗಳೂ ಸೇರಿ ಆ ವರ್ಷದ ಗೋಲ್ಡ್ ಗ್ಲವ್ ಅವರ ಕೈಗೇ ಹಾಕಿದರು.

ಪಿಚರ್‌ಗಳಿಗೆ ನ್ಯಾಯ ಸಿಗಬೇಕಾದರೆ ಇನ್ನೊಂದು ಕಾಲಂ ಸೇರಿಸಬೇಕು. ದಿಬ್ಬದ ಮೇಲೆಯೇ ಚೆಂಡು ಎತ್ತರಕ್ಕೆ ಹಾರಿದಾಗ ಪಿಚರ್ ಬೆರಳೆತ್ತಿ ಆಕಾಶ ತೋರಿಸಿ, ಹಿಡಿಯೋ ಕೆಲಸ ಬೇರೆಯವರಿಗೆ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಆ ಸರಿಯುವಿಕೆಗೂ ಮೂರು ದಶಮಾಂಶದ ಸರಾಸರಿ ತೆಗೆದು, ಓರಗೆಯವರ ಜೊತೆ ಹೋಲಿಸಲಿ.