ಪಾರಿವಾಳಕ್ಕೂ ಹಗ್ಗಕ್ಕೂ ನಡುವೆ

ಕರವಸ್ತ್ರದಿಂದ ಪಾರಿವಾಳ ಬಂದದ್ದೇನೋ ಸರಿ. ಬಂದ ಕೂಡಲೇ ಜಾದೂಗಾರರು ನಮಗೆ ಬೆನ್ನು ಹಾಕಿ ಪೆಟ್ಟಿಗೆಯೊಳಗೆ ತಲೆ ತೂರಿಸಿದರು. ಸಹಾಯಕನನ್ನು ಗದರಿದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವರು ಹಗ್ಗ ಹಿಡಿದು ಇತ್ತ ತಿರುಗುವಷ್ಟರಲ್ಲಿ ಶಿರಸಿಯ ಆ ಸಭಾಭವನದಲ್ಲಿ ಅರ್ಧ ಜನ ಮೊಬೈಲ್ ತೆಗೆದಿದ್ದರು, ಉಳಿದವರು ಅಡಿಕೆ ಧಾರಣೆಗೆ ಇಳಿದಿದ್ದರು. ಪಕ್ಕದ ಹುಡುಗ, "ಅಜ್ಜ, ಆ ಪೆಟ್ಟಿಗೆಯಲ್ಲಿ ಇನ್ನೊಂದು ಹಕ್ಕಿ ಇದೆ" ಎಂದ. ಹಕ್ಕಿ ಬಿಟ್ಟ ಕರವಸ್ತ್ರವನ್ನೇ ಹಗ್ಗಕ್ಕೆ ಕಟ್ಟಿ ಮುಂದುವರಿದಿದ್ದರೆ ಪೆಟ್ಟಿಗೆಯ ಗೋಜೇ ಇರುತ್ತಿರಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ರಂಗ ಹೀಗೆ ಬರಿದಾಗುವುದು ಸಹಿಸುವುದಿಲ್ಲ. ಅಲ್ಲಿ ಇಬ್ಬರು ತೆರೆ ಹಿಡಿದು ನಿಂತರೆ ಸಾಕು. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ, ವೇಷ ಕಾಣುವ ಮೊದಲೇ ಆಟ ಏರಿರುತ್ತದೆ. ಹೊನ್ನಾವರದ ಕಡೆಯ ಒಂದು ಬಯಲಾಟದಲ್ಲಿ ರಾಕ್ಷಸ ವೇಷದವರಿಗೆ ಬಣ್ಣ ಹಚ್ಚುವ ಚೌಕಿಯಲ್ಲೇ ಜೋಂಪು ಹತ್ತಿತ್ತು. ಭಾಗವತರು ಪದ್ಯವನ್ನು ಎಳೆದರು. ಅದೇ ಸಾಲನ್ನು ತಿರುಗಿಸಿ ಮುರುಗಿಸಿ ಹಾಡಿದರು. ಚಂಡೆಯವರು ತಮ್ಮ ಪಾಲಿನದನ್ನು ಬಾರಿಸಿ ಬೆವರೊರೆಸಿಕೊಂಡರು. ರಾಕ್ಷಸನ ಸುಳಿವಿಲ್ಲ. ಭಾಗವತರು ಕಣ್ಸನ್ನೆ ಮಾಡಿದ್ದೇ ತಡ, ಹಾಸ್ಯಗಾರರು ದೂತನಾಗಿ ಕುಣಿದು ಬಂದರು.

"ನಿನ್ನೊಡೆಯ ಎಲ್ಲಿ?" ಭಾಗವತರು ಕೇಳಿದರು.

"ತಪಸ್ಸಿನಲ್ಲಿದ್ದಾರೆ ಸ್ವಾಮಿ."

"ಎಂಥ ತಪಸ್ಸು?"

"ಕಣ್ಣು ಮುಚ್ಚಿ ಮಾಡುವುದು. ಮಂತ್ರ ಮೂಗಿನಿಂದ ಬರುತ್ತದೆ."

ಅಲ್ಲಿಂದ ಒಡೆಯನ ಊಟ, ಒಡತಿಯ ದೂರು, ಶರಾವತಿ ದಾಟಿಸಿದ ದೋಣಿಯವನ ಬಾಕಿ ಎಂದು ಮಾತು ಹರಿಯಿತು. ಕೊನೆಗೆ ರಾಕ್ಷಸ ಬಂದಾಗ, ನಿದ್ದೆಗಣ್ಣಿನ ಕೆಂಪನ್ನೇ ರೌದ್ರವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನನ್ನ ಮಾವನವರಿಗೆ ಮಾತ್ರ ಹಾಸ್ಯಗಾರರು ಇಷ್ಟು ಬೇಗ ಹೋದರಲ್ಲ ಎಂಬ ಬೇಸರ. ಅಂದು ಯಾವ ಪ್ರಸಂಗವಿತ್ತು ಎಂದು ಕೇಳಿದರೆ ಅವರಿಗೂ ನೆನಪಿಲ್ಲ, ನನಗೂ ಇಲ್ಲ; ಬಾಕಿ ಬರಬೇಕಿದ್ದ ದೋಣಿಯವನು ಮಾತ್ರ ಇಬ್ಬರಿಗೂ ನೆನಪಿದ್ದಾನೆ.

ರಂಗ ಬರಿದಾಗದಂತೆ ನೋಡಿಕೊಳ್ಳುವುದು ಜಾದೂಗಾರರಿಗೆ ಗೊತ್ತಿಲ್ಲವೆಂದಲ್ಲ. ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರರ ಪ್ರದರ್ಶನದಲ್ಲಿ 'ವಾಟರ್ ಆಫ್ ಇಂಡಿಯಾ' ಎಂಬುದೊಂದಿತ್ತು. ಪಾತ್ರೆಯ ನೀರನ್ನು ಪೂರ್ತಿ ಸುರಿದುಬಿಡುವುದು, ಬೇರೊಂದು ಜಾದೂ ಮಾಡುವುದು, ಮರಳಿ ಬಂದು ಅದೇ ಪಾತ್ರೆಯಿಂದ ಮತ್ತೆ ನೀರು ಸುರಿಯುವುದು. ಹೀಗೆ ಆಟದುದ್ದಕ್ಕೂ. ಎರಡು ಜಾದೂಗಳ ನಡುವಿನ ಬಿರುಕಿಗೆ ನೀರೇ ಗಾರೆ!

ಅದೇ ಸರ್ಕಾರರು 1956ರಲ್ಲಿ ಬಿಬಿಸಿಯ 'ಪನೋರಮಾ' ಟಿವಿ ಕಾರ್ಯಕ್ರಮದಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ದರು. ಅವಳು ಏಳುವ ಮೊದಲೇ ನಿರೂಪಕರು ಅಡ್ಡ ಬಂದು ಕಾರ್ಯಕ್ರಮ ಮುಗಿಸಿಬಿಟ್ಟರು. ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ಜನ ಬಿಬಿಸಿಗೆ ಒಂದೇ ಸಮನೆ ಫೋನ್ ಮಾಡಿದರು. ಲಂಡನ್ನಿನವರು ಪುಣ್ಯವಂತರು, ನಡುವೆ ಬಂದವರು ಒಬ್ಬರೇ. ನಮ್ಮಲ್ಲಾಗಿದ್ದರೆ ಅದೇ ಹೊತ್ತಿಗೆ ಸರಿಯಾಗಿ ದಾನಿಗಳನ್ನು ವೇದಿಕೆಗೆ ಕರೆದು ಶಾಲು ಹೊದೆಸಿ, ಹಾರ ಹಾಕಿ, ಫೋಟೋದವನು ಬರುವ ತನಕ ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಎರಡು ತುಂಡಾದ ಹುಡುಗಿ ಪ್ರಾಸ್ತಾವಿಕ ನುಡಿಯನ್ನೂ ಕೇಳಬೇಕಾಗುತ್ತಿತ್ತು.