ಸತ್ಯಾಂಶ: ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಔಷಧಿಗಳ ಅಲರ್ಜಿ ಗೊತ್ತಾಗುತ್ತದೆಯೇ?

"ಒಂದು ಸಲ ರಕ್ತ ಕೊಟ್ಟರೆ ಸಾಕು, ನಿಮಗೆ ಆಗದ ಮಾತ್ರೆಗಳ ಪೂರ್ತಿ ಪಟ್ಟಿ ಸಿಗುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ನಿಜವಲ್ಲ. ಅಂಥ ಪರೀಕ್ಷೆಯೇ ಇಲ್ಲ.

ಲ್ಯಾಬ್‌ನಲ್ಲಿ ಮುಖ್ಯವಾಗಿ ಹುಡುಕುವುದು ಐಜಿಇ ಎಂಬ ಪ್ರತಿಕಾಯವನ್ನು, ಅಂದರೆ ಅಲರ್ಜಿ ಇದ್ದಾಗ ದೇಹ ತಯಾರಿಸುವ ಒಂದು ಪ್ರೋಟೀನನ್ನು. ಪೆನಿಸಿಲಿನ್, ಅಮಾಕ್ಸಿಸಿಲಿನ್‌ನಂಥ ಕೆಲವೇ ಔಷಧಿಗಳಿಗೆ ಈ ಪರೀಕ್ಷೆ ಇದೆ. ಅದರಲ್ಲೂ ರಿಪೋರ್ಟ್ ನೆಗೆಟಿವ್ ಬಂದರೆ ಅಲರ್ಜಿ ಇಲ್ಲ ಅಂತ ಅಲ್ಲ. ನಿಜಕ್ಕೂ ಅಲರ್ಜಿ ಇರುವ ಎಷ್ಟೋ ಜನರಿಗೆ ನೆಗೆಟಿವ್ ಬರುತ್ತದೆ. ರಿಯಾಕ್ಷನ್ ಆಗಿ ವರ್ಷಗಳು ಕಳೆದಿದ್ದರಂತೂ ಇನ್ನೂ ಜಾಸ್ತಿ. ನನಗೆ ಭಯವಾಗುವುದು ಇಲ್ಲೇ: ಆ ಕಾಗದ ನಂಬಿ ಯಾರಾದರೂ ಅದೇ ಮಾತ್ರೆ ಮತ್ತೆ ನುಂಗಿದರೆ? ಇನ್ನು, ಔಷಧಿ ಶುರುಮಾಡಿ ಕೆಲವು ದಿನಗಳಾದ ಮೇಲೆ ಏಳುವ ದದ್ದು ಸಾಮಾನ್ಯವಾಗಿ ಟಿ ಕಣಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಕೆಲಸ. ಐಜಿಇ ನೋಡಿ ಅದನ್ನು ಹಿಡಿಯಲು ಆಗುವುದಿಲ್ಲ.

ಹಾಗಂತ ರಕ್ತಪರೀಕ್ಷೆ ದಂಡ ಅಲ್ಲ. ತೀವ್ರ ರಿಯಾಕ್ಷನ್ ಆದಾಗ, 1ರಿಂದ 4 ಗಂಟೆಯೊಳಗೆ ರಕ್ತ ತೆಗೆದು, ರಿಯಾಕ್ಷನ್ ವೇಳೆ ಅಲರ್ಜಿಯ ಕಣಗಳಿಂದ ರಕ್ತಕ್ಕೆ ಸೇರುವ ಟ್ರಿಪ್ಟೇಸ್ ಎಂಬ ವಸ್ತುವನ್ನು ಅಳೆಯುತ್ತಾರೆ. 24 ಗಂಟೆ ಕಳೆದ ಮೇಲೆ ಮತ್ತೆ ಅಳೆದು ಹೋಲಿಸುತ್ತಾರೆ. ಮೊದಲಿನದು ಸಾಕಷ್ಟು ಹೆಚ್ಚಿದ್ದರೆ ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರಬಲ್ಲ ತೀವ್ರ ಅಲರ್ಜಿ) ಆಗಿತ್ತು ಎನ್ನಲು ಬಲವಾದ ಸುಳಿವು. ಯಾವ ಔಷಧಿಯಿಂದ ಅಂತ ಮಾತ್ರ ಅದು ಹೇಳದು.

ಅದಕ್ಕೇ ಡಾಕ್ಟರ್ ಮೊದಲು ಕೇಳುವುದು: ಯಾವ ಮಾತ್ರೆ, ನುಂಗಿ ಎಷ್ಟು ಹೊತ್ತಿಗೆ, ಏನಾಯಿತು? ದದ್ದಿನದೊಂದು, ಮಾತ್ರೆಯ ಸ್ಟ್ರಿಪ್‌ನದೊಂದು ಫೋಟೋ ಇದ್ದರೆ ತುಂಬಾ ಉಪಯೋಗ. ಆಮೇಲೆ ಚರ್ಮದ ಪರೀಕ್ಷೆ, ಬೇಕಾದರೆ ಆಸ್ಪತ್ರೆಯಲ್ಲೇ ನಿಗಾ ಇಟ್ಟು ಸಣ್ಣ ಡೋಸ್ ಕೊಟ್ಟು ನೋಡುವುದು. ಮನೆಯಲ್ಲಿ ಇದನ್ನು ಮಾಡಲೇಬಾರದು. ಪೆನಿಸಿಲಿನ್ ಅಲರ್ಜಿ ಎಂದು ಬರೆಸಿಕೊಂಡ 100 ಜನರನ್ನು ಹೀಗೆ ಪರೀಕ್ಷಿಸಿದರೆ, ಸುಮಾರು 90 ಮಂದಿಗೆ ಆ ಅಲರ್ಜಿ ಇರುವುದೇ ಇಲ್ಲ.