ಮುತ್ತಾತನಿಗೆ ಸಿಕ್ಕ ಪ್ರಮೋಷನ್‌ಗಳು

ನಮ್ಮ ಮುತ್ತಾತ ತೀರ್ಕೊಂಡ್ಮೇಲೆ ಸೈನ್ಯದಲ್ಲಿ ಬಹಳ ಬೇಗ ಮೇಲಕ್ಕೆ ಬಂದ್ರು. ನಾನು ಚಿಕ್ಕೋನಿದ್ದಾಗ ಅವರು ಬರೀ ಮಹಾರಾಜ್ರ ಕುದುರೆ ಪಡೇಲಿ ಇದ್ದೋರು, ಹೈಸ್ಕೂಲಿಗೆ ಬರೋ ಹೊತ್ತಿಗೆ ಕ್ಯಾಪ್ಟನ್, ಆಮೇಲೆ ಅಕ್ಕನ ಮದುವೆ ಮಾತುಕತೇಲಿ ಗಂಡಿನ ಕಡೆಯೋರು ತಮ್ಮ ತಾತ ಅಮಲ್ದಾರ್ರು ಅಂದಿದ್ದೇ ತಡ, ನಮ್ಮ ದೊಡ್ಡಪ್ಪ ಕಾಫಿ ಲೋಟ ಕೆಳಗಿಡೋದ್ರೊಳಗೆ ಅವರನ್ನ ಮೇಜರ್ ಮಾಡ್ಬಿಟ್ರು. ನಾನು ಎದುರಿಗೇ ಇದ್ದೆ, ನನ್ನ ಪಾಡಿಗೆ ಕೇಸರಿಬಾತ್ ತಿಂದೆ.

ನಿಜಕ್ಕೂ ಯಾವ ರ‍್ಯಾಂಕು ಅಂತ ಹುಡುಕೋ ಚಟ ಹತ್ತಿದ್ದು ಆಮೇಲೆ. ಮನೇಲಿ ಹುಡುಕು ಅಂತ ಒಬ್ರೂ ಅನ್ಲಿಲ್ಲ, ನಿಂಗ್ಯಾಕೆ ಬೇಕು ಊರ ಉಸಾಬರಿ ಅಂದೋರೇ ಎಲ್ಲಾ.

ಇಷ್ಟಂತೂ ಖಾತ್ರಿ, ಅವರಿದ್ದದ್ದು ಮೈಸೂರು ಲ್ಯಾನ್ಸರ್ಸ್‌ನಲ್ಲಿ, ಅಂದ್ರೆ ಮಹಾರಾಜ್ರ ಈಟಿ ಹಿಡಿದ ಕುದುರೆ ಪಡೇಲಿ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದು, ಆಮೇಲೆ ಪ್ಯಾಲೆಸ್ಟೈನ್ ಕಡೆ ನುಗ್ಗಿದ ಪಡೆ ಅದು. 1918ರ ಸೆಪ್ಟೆಂಬರ್ 23ರಂದು ಅಲ್ಲಿ ತುರ್ಕರ ಕೈಲಿದ್ದ ಹೈಫಾ ಊರನ್ನ ಹಿಡಿದಿದ್ದು ಜೋಧಪುರದೋರು ಮತ್ತು ನಮ್ಮೋರು. ಜೋಧಪುರದೋರು ನೇರ ಊರೊಳಗೆ ಕುದುರೆ ಓಡಿಸಿದ್ರೆ ನಮ್ಮೋರ ಒಂದು ತಂಡ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸ್ತು, ಎದುರಿಗೆ ಮೆಷಿನ್ ಗನ್ನು, ಇವರ ಕೈಲಿ ಈಟಿ. ಅವತ್ತು 1350 ಜನ ಸೆರೆ ಸಿಕ್ಕಿದ್ರು. ಅದ್ರಲ್ಲಿ ಅರ್ಧ ಜನಾನ ಮುತ್ತಾತ ಒಬ್ರೇ ಹಿಡಿದಿದ್ದು ಅಂತ ದೊಡ್ಡಪ್ಪ. ಉಳಿದರ್ಧ ಯಾರು ಹಿಡಿದ್ರೋ, ಅದು ಅವರ ಮನೆಯೋರ ತಲೆನೋವು.

ದೊಡ್ಡಪ್ಪ ಒಂದ್ಸಲ ದೆಹಲಿಗೆ ಹೋದಾಗ ತೀನ್ ಮೂರ್ತಿ ನೋಡ್ಕೊಂಡು ಬಂದಿದ್ರು. 1922ರಲ್ಲಿ ನಿಲ್ಲಿಸಿದ ಮೂರು ಸೈನಿಕರ ಪ್ರತಿಮೆ, ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿಗೆ, 2018ರಿಂದ ಆ ಚೌಕಕ್ಕೆ ತೀನ್ ಮೂರ್ತಿ ಹೈಫಾ ಅಂತ ಹೆಸರು. ಮೂರ್ರಲ್ಲಿ ನಮ್ಮೋರು ಯಾರು ಅಂತ ಗೊತ್ತಾಗ್ದೆ ಸೇಫ್ಟಿಗೆ ಅಂತ ಮೂರರ ಜೊತೇಲೂ ಫೋಟೋ ತೆಗೆಸ್ಕೊಂಡು ಬಂದು, ಒಂದನ್ನ ದೊಡ್ಡದು ಮಾಡ್ಸಿ ಹಾಲಲ್ಲಿ ಹಾಕಿ, "ಮೂಗು ನೋಡ್ರೋ, ನಮ್ಮ ವಂಶದ್ದೇ" ಅಂತಾರೆ. ನಮ್ಮ ವಂಶದ ಮೂಗು ನನ್ನ ಮುಖದ ಮೇಲೇ ಇದೆ, ಅದನ್ನ ಯಾವ ಶಿಲ್ಪಿನೂ ಬೇಕು ಅಂತ ಕೆತ್ತೋದಿಲ್ಲ.

ನಾನು ಅಷ್ಟು ದೂರ ಹೋಗ್ಲಿಲ್ಲ. ಬೆಂಗಳೂರಲ್ಲೇ ಜೆ.ಸಿ. ನಗರದ ಹತ್ರ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಅಲ್ಲಿ ಹೆಸರುಗಳಿವೆ ಅಂತ ಹೋದ್ರೆ ಜೊತೆಗೆ ಬಂದ ಚಿಕ್ಕಪ್ಪ ಸ್ವಲ್ಪ ಹೊತ್ತು ಹುಡುಕಿ ನಮ್ಮೋರ ಹೆಸರೇ ಬಿಟ್ಟವ್ರೆ ನೋಡು, ಆಗ್ಲೂ ಇನ್‌ಫ್ಲುಯೆನ್ಸು ಅಂತ ಗರಂ ಆದ್ರು. ಚಿಕ್ಕಪ್ಪಾ ಇದು ಯುದ್ಧದಲ್ಲಿ ಸತ್ತೋರ ಪಟ್ಟಿ, ತಾತ ಹುಟ್ಟಿದ್ದೇ ಯುದ್ಧ ಮುಗಿದ್ಮೇಲೆ, ಮುತ್ತಾತನ ಹೆಸರು ಇಲ್ಲಿದ್ದಿದ್ರೆ ನಾವಿಬ್ರೂ ಇಲ್ಲಿ ನಿಂತಿರ್ತಿರ್ಲಿಲ್ಲ ಅಂದೆ. "ಅದು ಸರಿ, ಆದ್ರೂ ಒಂದು ಮೂಲೇಲಿ ಹಾಕ್ಬೋದಿತ್ತು" ಅಂದ್ರು.

ಹಳೇ ಕಡತ ಇಟ್ಕೊಂಡಿರೋ ಒಂದು ಕಚೇರಿಗೂ ಅಲೆದೆ. ಅರ್ಜಿ ನಮೂನೇಲಿ 'ಅರ್ಜಿದಾರರ ಹುದ್ದೆ' ಅಂತ ಒಂದು ಕಾಲಂ ಇತ್ತು, ಅಲ್ಲಿ ಏನು ಬರೀಬೇಕು ಅಂತ ತಿಳ್ಕೊಳ್ಳೋಕೇ ಸ್ವಾಮಿ ನಾನು ಬಂದಿರೋದು ಅನ್ನೋಣ ಅನ್ನಿಸ್ತು, ಆದ್ರೆ ಅದು ನನ್ನ ಹುದ್ದೆ ಕೇಳ್ತಿದ್ದದ್ದು. ಅಲ್ಲಿ ಏನೂ ಸಿಗ್ಲಿಲ್ಲ.

ಕೊನೇಗೆ ಉಳಿದಿದ್ದು ಮೆಡಲ್ಲು. ಚಿಕ್ಕಮ್ಮನ ಮನೆ ದೇವರಗೂಡಲ್ಲಿ ಸಾಲಿಗ್ರಾಮದ ಪಕ್ಕ ಕೂತಿರೋ ಬೆಳ್ಳಿ ಪದಕ, ಬ್ರಿಟಿಷ್ ವಾರ್ ಮೆಡಲ್. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಒಬ್ಬ ಗಂಡಸು, ಮೈಮೇಲೆ ನೂಲೆಳೆ ಇಲ್ಲ. ಸೇಂಟ್ ಜಾರ್ಜ್ ಅಂತೆ. ನಮ್ಮಜ್ಜಿ ಮಡಿ ಹೆಂಗಸು, ಆ ಕಡೇನ ಗೋಡೆಗೆ ತಿರುಗಿಸಿಟ್ಟು ಜೀವನ ಪೂರ್ತಿ ಬ್ರಿಟಿಷ್ ದೊರೆಗೇ ಕುಂಕುಮ ಹಚ್ಚಿದ್ರು.

ಈ ಮೆಡಲ್ಲಿನ ಅಂಚಲ್ಲಿ ಪಡೆದೋರ ರ‍್ಯಾಂಕು, ಹೆಸರು, ಪಡೆ ಎಲ್ಲಾ ಅಚ್ಚೊತ್ತಿರ್ತಾರೆ. ಇನ್ನೂ ಒಂದು ಗುಟ್ಟಿದೆ, ಸವಾರ, ದಫೇದಾರ್ ಥರ ಕೆಳಗಿನ ಹುದ್ದೆಯೋರಿಗಾದ್ರೆ ಹೆಸರಿನ ಮುಂಚೆ ಒಂದು ನಂಬರ್ ಇರುತ್ತೆ, ಜಮಾದಾರ್ ರಿಸಾಲ್ದಾರ್ ಥರ ಆಫೀಸರ್‌ಗಳಿಗೆ ಇರಲ್ಲ. ಮೊಬೈಲ್ ಟಾರ್ಚ್ ಹಿಡ್ಕೊಂಡು ಭೂತಗನ್ನಡಿ ಇಟ್ಟು ಅಂಚು ತಿರುಗಿಸ್ತಾ ಹೋದೆ. ನುಣ್ಣಗೆ ಹೊಳೀತಿದೆ. ಪ್ರತಿ ಆಯುಧಪೂಜೆಗೂ ಅಜ್ಜಿ, ಅಜ್ಜಿ ಆದ್ಮೇಲೆ ಚಿಕ್ಕಮ್ಮ, ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು, ತುರ್ಕರ ಗುಂಡಿಗೆ ಜಗ್ಗದ ಮುತ್ತಾತನ ಹೆಸರು ಹುಣಸೆಹಣ್ಣಿಗೆ ಸೋತಿತ್ತು. ರ‍್ಯಾಂಕಿನ ಜಾಗದಲ್ಲಿ ಉಳಿದಿದ್ದು ಇಂಗ್ಲಿಷಿನ ಎರಡೇ ಅಕ್ಷರ, ಡಿ ಮತ್ತು ಆರ್. ಗ್ರಹಚಾರ ನೋಡಿ, ಮೆಡಲ್ ಮೇಲೆ ಚಿಕ್ಕದಾಗಿ ಬರೆದ್ರೆ ದಫೇದಾರ್, ಜಮಾದಾರ್, ರಿಸಾಲ್ದಾರ್ ಮೂರೂ ಆ ಎರಡಕ್ಷರದಲ್ಲೇ ಮುಗಿಯುತ್ವೆ. ಅದಕ್ಕೂ ಮುಂಚೆ ಒಂದು ಗೀರಿದೆ, ನಂಬರಿನಲ್ಲಿದ್ದ ನಾಲ್ಕು ಅನ್ನೋ ಅಂಕಿಯೂ ಇರ್ಬೋದು, ತಿಕ್ಕೋವಾಗ ಬಿದ್ದ ಗಾಯವೂ ಇರ್ಬೋದು.

ದಫೇದಾರ್ ಇರ್ಬೋದು ಅಂತ ಮೆಲ್ಲಗೆ ಹೇಳಿದೆ. ದೊಡ್ಡಪ್ಪನ ಮುಖ ಕಪ್ಪಿಟ್ತು. "ಯಾರು, ಡೀಸಿ ಆಫೀಸಲ್ಲಿ ರುಮಾಲು ಸುತ್ಕೊಂಡು ಬಾಗಿಲಲ್ಲಿ ನಿಂತಿರ್ತಾರಲ್ಲ, ಅವರಾ?" ಇಲ್ಲ ದೊಡ್ಡಪ್ಪ, ಕುದುರೆ ಪಡೇಲಿ ಅದು ಹವಾಲ್ದಾರ್ ಇದ್ದಂಗೆ, ಹೈಫಾದಲ್ಲಿ ಕುದುರೆ ಏರಿ ನುಗ್ಗಿದೋರಲ್ಲಿ ಜಾಸ್ತಿ ಜನ ಸವಾರರು ದಫೇದಾರ್ರೇ ಅಂತ ಎಷ್ಟು ಹೇಳಿದ್ರೂ ಅವರ ಕಿವೀಗೆ ಹೋಗ್ಲಿಲ್ಲ. ಮೆಡಲ್ ಕೈಗೆ ತಗೊಂಡು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ್ರು. ಆಮೇಲೆ, "ಲೋ ದಡ್ಡ, ಡಿ ಆರ್ ಅಂದ್ರೆ ಡಾಕ್ಟರ್ ಅಲ್ವೇನೋ?"

ರಾತ್ರಿಯೊಳಗೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮುತ್ತಾತ ಮಿಲಿಟರಿ ಸರ್ಜನ್ ಆಗಿದ್ರು, ಹೈಫಾದಲ್ಲಿ ಶತ್ರುಗಳಿಗೂ ಆಪರೇಷನ್ ಮಾಡಿದ್ರಂತೆ. ನೀಟ್ ಬರೆಯೋಕೆ ಕೂತಿರೋ ಕಸಿನ್ ಮಗಳಿಗೆ ರಕ್ತದಲ್ಲೇ ಬಂದಿದೆ ಅಂತ ಅವರಮ್ಮ ಕೈಮುಗಿಯೋ ಎಮೋಜಿ ಹಾಕಿದಾರೆ.

ನಾನು ಚಿಕ್ಕಮ್ಮನ ಕಾಲಿಗೆ ಬೀಳೋದೊಂದು ಬಾಕಿ, ಆ ಗೀರು ಯಾವತ್ತಾದ್ರೂ ಒಳ್ಳೇ ಲೆನ್ಸಲ್ಲಿ ನೋಡ್ಬೇಕು, ದಯವಿಟ್ಟು ಇನ್ಮೇಲೆ ಹುಣಸೆಹಣ್ಣು ಹಾಕ್ಬೇಡಿ ಅಂತ ಕೇಳ್ಕೊಂಡೆ. ಚಿಕ್ಕಮ್ಮ ಒಳ್ಳೆಯೋರು, ಹೇಳಿದ ಮಾತು ನಡೆಸ್ತಾರೆ. ಮೊನ್ನೆ ದಸರಾಗೆ ಹೋದಾಗ ಅವರೇ ಖುಷಿಯಾಗಿ ಹೇಳಿದ್ರು, "ಹುಣಸೆಹಣ್ಣು ಬಿಟ್ಬಿಟ್ಟೆ ಕಣೋ ಮರಿ. ಈಗ ಟೂತ್‌ಪೇಸ್ಟು, ಹಳೇ ಬ್ರಷ್ಷು. ಅಂಚು ಹೆಂಗ್ ಹೊಳೀತಿದೆ ನೋಡು."